ಮುದ್ರೆ ಸಾಹೇಬನ ಮೂರು ಗೆರೆಗಳು

ನನ್ನ ತಮ್ಮ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತನಾದವನು. ಅಂಗಡಿಯವರ ತೂಕದ ಕಲ್ಲು, ಎಣ್ಣೆ ಅಳೆಯುವ ಪಾತ್ರೆ, ಬಾಡಿಗೆ ಕಾರಿನ ಮೀಟರು ಇವನ್ನೆಲ್ಲ ಪರೀಕ್ಷಿಸಿ ಸೀಸದ ಮುದ್ರೆ ಒತ್ತುವುದು ಅವನ ವೃತ್ತಿಯಾಗಿತ್ತು. ಬೀದಿಯವರು ಅವನನ್ನು ಮುದ್ರೆ ಸಾಹೇಬ ಎಂದು ಕರೆಯುತ್ತಿದ್ದರು. ಅದು ಗೇಲಿಯೆಂಬುದು ಅವನೊಬ್ಬನನ್ನು ಬಿಟ್ಟು ಮಿಕ್ಕೆಲ್ಲರಿಗೂ ಗೊತ್ತಿತ್ತು. ನಿವೃತ್ತಿಯ ದಿನ ಇಲಾಖೆಯವರು ಬಳಕೆಯಿಂದ ತೆಗೆದುಹಾಕಿದ್ದ ಹಿತ್ತಾಳೆಯ ದೊಡ್ಡ ತಕ್ಕಡಿಯೊಂದನ್ನು ಅವನಿಗೆ ಕಾಣಿಕೆಯಾಗಿ ಕೊಟ್ಟು ಕೈತೊಳೆದುಕೊಂಡರು. ಅವನು ಅದನ್ನು ಮನೆಯ ಹಾಲಿನಲ್ಲಿ, ಬೇರೆ ಮನೆಗಳಲ್ಲಿ ಟೀವಿ ಇರುವ ಜಾಗದಲ್ಲಿ, ಪ್ರತಿಷ್ಠಾಪಿಸಿದ.

ಕೆಲಸವಿಲ್ಲದ ತಕ್ಕಡಿ, ಕೆಲಸವಿಲ್ಲದ ಅಧಿಕಾರಿ: ಇಬ್ಬರೂ ಒಂದೇ ಸೂರಿನಡಿ ಇದ್ದರೆ ಮನೆಯವರ ಪಾಡು ಏನಾಗಬೇಕು? ಅಂಗಡಿಯಿಂದ ಬಂದ ಸಕ್ಕರೆ ಅಡುಗೆಮನೆ ಸೇರುವ ಮೊದಲು ತಕ್ಕಡಿಯ ಮುಂದೆ ನಿಂತು ತನ್ನ ಪ್ರಾಮಾಣಿಕತೆಯನ್ನು ಸಾಬೀತುಪಡಿಸಬೇಕಾಗಿತ್ತು. ಸಾಬೂನನ್ನು ಕಾಗದ ಬಿಚ್ಚಿ ತೂಗಿ, ಮತ್ತೆ ಕಾಗದ ಸುತ್ತಿ, ಅಂಗಡಿಗೆ ಹಿಂದಿರುಗಿಸಿ ಜಗಳ ಮಾಡಿ ಬಂದದ್ದೂ ಉಂಟು. ಹೀಗಿರುವಾಗ ಅವನ ಮಗನಿಗೆ ಒಂದು ಹೆಣ್ಣು ಮಗುವಾಯಿತು. ತಕ್ಕಡಿಗೆ ಕೊನೆಗೂ ತಕ್ಕ ಸರಕು ಸಿಕ್ಕಿತು.

ಪ್ರತಿ ಭಾನುವಾರ ಊಟಕ್ಕೆ ಮೊದಲು ಪುಟ್ಟಿಯ ತೂಕ. ಅದಕ್ಕೆಂದೇ ಒಂದು ಬೆತ್ತದ ಬುಟ್ಟಿಯನ್ನು ತರಿಸಿ, ಒಳಗೆ ಹತ್ತಿಯ ಮೆತ್ತೆ ಹಾಸಿ, ಎರಡನ್ನೂ ಒಟ್ಟಿಗೆ ತೂಗಿ, ಬಂದ ತೂಕವನ್ನು ಒಂದು ತಗಡಿನ ಬಿಲ್ಲೆಯ ಮೇಲೆ ಕೊರೆದು, ಬುಟ್ಟಿಯ ಹಿಡಿಗೆ ತಂತಿಯಿಂದ ಬಿಗಿದು, ಸೀಸದ ಮುದ್ರೆಯನ್ನೂ ಒತ್ತಿದ್ದ. ಮಗುವಿನ ಸಮೇತ ತೂಗಿದ ತೂಕದಿಂದ ಬಿಲ್ಲೆಯಲ್ಲಿ ಕೊರೆದ ತೂಕವನ್ನು ಕಳೆದರೆ ಮಗುವಿನ ತೂಕ. ಲೆಕ್ಕವೇನೋ ಸರಿಯೇ. ಆದರೆ ಅವನ ಇಲಾಖೆಯಲ್ಲಿ ಒಂದು ಕಟ್ಟಳೆಯಿತ್ತು. ಒಮ್ಮೆ ಮುದ್ರೆ ಬಿದ್ದ ವಸ್ತುವನ್ನು ವರ್ಷ ತುಂಬುವವರೆಗೆ ಯಾರೂ ಮರಳಿ ತೂಗುವಂತಿಲ್ಲ. ಮುದ್ರೆಯೇ ಅದರ ಸತ್ಯ. ಕಬ್ಬಿಣದ ಕಲ್ಲಿಗಾಗಿ ಮಾಡಿದ ಆ ಕಟ್ಟಳೆಯನ್ನು ಅವನು ಬೆತ್ತಕ್ಕೂ ಹತ್ತಿಗೂ ಅನ್ವಯಿಸಿದ್ದ. ಬುಟ್ಟಿಯೊಳಗೆ ಇಣುಕುವುದಂತೂ ಹೆಂಗಸರ ಕೆಲಸ; ಅವನ ಕಣ್ಣು ತಕ್ಕಡಿಯ ಮುಳ್ಳನ್ನು ಬಿಟ್ಟು ಅತ್ತಿತ್ತ ಹೋಗುತ್ತಿರಲಿಲ್ಲ.

ತೂಕವನ್ನು ಗೋಡೆಯ ಮೇಲಿನ ಗ್ರಾಫ್ ಹಾಳೆಯಲ್ಲಿ ಕೆಂಪು ಚುಕ್ಕೆಯಾಗಿ ಇಡುತ್ತಿದ್ದ. ಅಡ್ಡಕ್ಕೆ ವಾರಗಳು, ಉದ್ದಕ್ಕೆ ಕಿಲೋ. ನೆಂಟರಿಷ್ಟರು ಬಂದರೆ ಮಗುವನ್ನು ತೋರಿಸುವ ಮೊದಲು ಹಾಳೆಯನ್ನು ತೋರಿಸುತ್ತಿದ್ದ.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಮುದುಕಿಯಾದವಳು. ಭಾನುವಾರ ತಮ್ಮನ ಮನೆಯಲ್ಲಿ ಊಟ ಮಾಡುವುದು ನಮ್ಮ ತಾಯಿ ಇದ್ದ ಕಾಲದಿಂದ ನಡೆದುಬಂದ ಪದ್ಧತಿ. ಆದರೆ ಈ ತೂಕದ ಪೂಜೆಯನ್ನು ಮಾತ್ರ ನಾನು ನೋಡುತ್ತಿರಲಿಲ್ಲ. ಸೀಸದ ಮುದ್ರೆಯವನು ಗ್ರಾಫ್ ಎಳೆಯುವುದನ್ನು ನೋಡುವುದಕ್ಕಿಂತ ಅಡುಗೆಮನೆಯಲ್ಲಿ ಕುಳಿತು ಬಟಾಣಿ ಸುಲಿಯುವುದು ಮೇಲೆಂದು ನನ್ನ ಅಭಿಪ್ರಾಯವಾಗಿತ್ತು.

ನಾನು ಹೇಳಹೊರಟಿರುವ ಭಾನುವಾರವೂ ಬಟಾಣಿಯನ್ನೇ ಸುಲಿಯುತ್ತಿದ್ದೆ. ತಮ್ಮನ ಸೊಸೆ, ಪುಟ್ಟಿಯ ಅಮ್ಮ, ಬಂದು ಎದುರಿಗೆ ಕುಳಿತಳು. ಅವಳ ಮುಖ ನೀರಿನಲ್ಲಿ ನೆನೆದ ಕಾಗದದ ಹಾಗಿತ್ತು.

ಈ ಹುಡುಗಿ ಬಾಡಿಗೆ ಕಾರಿನ ಮೀಟರುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ಬಿಚ್ಚಿದ ಮೀಟರನ್ನು ಜೋಡಿಸಿ, ಚಕ್ರ ತಿರುಗಿಸಿ ಪರೀಕ್ಷೆ ಮಾಡಿ ಒಪ್ಪಿಸುವುದು ಅವಳ ಮೇಜಿನ ಕೆಲಸ. ಆ ಮೇಜು ಸಿಗಲು ಅವಳು ಪಟ್ಟ ಪಾಡನ್ನು ನಾನು ಬಲ್ಲೆ. ಮಾವನಿಗೋ, ಮೀಟರು ಮುಟ್ಟುವವರೆಲ್ಲ ಕಳ್ಳರು. ಮುದ್ರೆ ಒತ್ತುವವನಿಗೆ ಮುದ್ರೆ ಬಿಚ್ಚುವವರ ಮೇಲೆ ಇರುವ ದ್ವೇಷ ಅದು. ಹೆರಿಗೆಯ ರಜೆ ಮುಗಿದು ಅವಳು ಕೆಲಸಕ್ಕೆ ಮರಳಿದ ವಾರದಿಂದಲೇ ಮನೆಯಲ್ಲಿ ಗುಸುಗುಸು ಶುರುವಾಗಿತ್ತು.

"ದೊಡ್ಡತ್ತೆ, ನಾಳೆ ಬೆಳಿಗ್ಗೆ ಫೋನ್ ಮಾಡಿ ಕೆಲಸ ಬಿಟ್ಬಿಡ್ತೀನಿ," ಎಂದಳು.

"ಯಾಕೆ? ಮೀಟರುಗಳೆಲ್ಲ ರಿಪೇರಿ ಆಗಿ ಮುಗಿದ್ವಾ?"

"ಪುಟ್ಟಿ ಕರಗ್ತಾ ಇದ್ದಾಳೆ. ನಾನು ಹೋಗಕ್ಕೆ ಶುರು ಮಾಡಿದಾಗಿಂದ. ಗೋಡೆ ಮೇಲೆ ಇದೆಯಲ್ಲ."

"ಗೋಡೆ ಮೇಲೆ ಹಲ್ಲಿನೂ ಇರುತ್ತೆ. ಅದು ಹೇಳಿದ್ದನ್ನೆಲ್ಲ ನಂಬ್ತೀಯಾ?"

ಅವಳು ನಗಲಿಲ್ಲ. "ಕೈಗೆ ತಗೊಂಡ್ರೆ ನನಗೆ ಭಾರಾನೇ ಅನ್ಸುತ್ತೆ. ಆದ್ರೆ ನನ್ನ ಕೈ ಏನು ತಕ್ಕಡೀನಾ? ಮಾವ ಇವತ್ತು ಕೊನೇ ಮಾತು ಅಂದ್ರು. ನಾನು ಬಿಟ್ರೆ ಆ ಮೇಜಿಗೆ ಮೇಲ್ವಿಚಾರಕರ ಬಾಮೈದ ಕಾಯ್ತಾ ಇದ್ದಾನೆ, ಮತ್ತೆ ಸಿಗಲ್ಲ. ಹೋಗ್ಲಿ. ಮಗುಗಿಂತ ಹೆಚ್ಚಾ?"

ನಾನು ಬಟಾಣಿಯ ಮೊರವನ್ನು ಕೆಳಗಿಟ್ಟು ಎದ್ದೆ. ಮಗು ಕರಗುತ್ತಿದೆಯೆಂದರೆ ಅದು ಡಾಕ್ಟರರ ವಿಷಯ. ಆದರೆ ಒಂದು ಗೆರೆ ಹಾಗೆ ಹೇಳುತ್ತಿದೆಯೆಂದರೆ ಅದು ನನ್ನ ವಿಷಯ.

ಹಾಲಿನಲ್ಲಿ ನನ್ನ ತಮ್ಮ ತಕ್ಕಡಿಯ ಪಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ತೂಕ ಆಗಲೇ ಮುಗಿದಿತ್ತು. ಅವನ ಹೆಂಡತಿ ಬುಟ್ಟಿಯಲ್ಲಿ ಮಲಗಿದ್ದ ಮೊಮ್ಮಗಳಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ಮಗ, ಅಂದರೆ ಮಗುವಿನ ಅಪ್ಪ, ಪತ್ರಿಕೆಯ ಹಿಂದೆ ಅಡಗಿದ್ದ. ಪುಟ್ಟಿಯಂತೂ ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ತುರುಕಿಕೊಳ್ಳುವ ಮಹತ್ಕಾರ್ಯದಲ್ಲಿ ಮುಳುಗಿದ್ದಳು. ಕರಗುತ್ತಿರುವವರು ಅಷ್ಟು ಗಟ್ಟಿಯಾಗಿ ಒದೆಯುವುದನ್ನು ನಾನು ಕಂಡಿಲ್ಲ.

"ಬಾ ಅಕ್ಕ. ಇವತ್ತಾದ್ರೂ ಬಂದ್ಯಲ್ಲ," ಎಂದ ತಮ್ಮ. "ನೋಡು. ನಿನ್ನ ಗಣಿತವೇ ಹೇಳ್ತಾ ಇದೆ."

ನನ್ನ ಗಣಿತ! ಹಾಳೆಯ ಎಡಭಾಗದಲ್ಲಿ ಕೆಂಪು ಚುಕ್ಕೆಗಳು ಮೆಟ್ಟಿಲಿನಂತೆ ಮೇಲೇರುತ್ತ ಆರು ಕಿಲೋದವರೆಗೆ ಬಂದಿದ್ದವು. ಅಲ್ಲಿ ಒಂದು ಕಪ್ಪು ಗೀಟು. ಪಕ್ಕದಲ್ಲಿ, ಕಚೇರಿಯ ದುಂಡಕ್ಷರದಲ್ಲಿ, 'ಕೆಲಸಕ್ಕೆ ಹೋಗಲಾರಂಭಿಸಿದ್ದು'. ಗೀಟಿನಾಚೆ ಚುಕ್ಕೆ ಧೊಪ್ಪನೆ ಕೆಳಗೆ ಬಿದ್ದಿತ್ತು. ಅದರ ಮುಂದೆ ಇನ್ನೆರಡು ಚುಕ್ಕೆಗಳಿದ್ದವು. ಮತ್ತು ಆರು ಕಿಲೋದ ಆ ಚುಕ್ಕೆಯಿಂದ ಮೂರು ಉದ್ದನೆಯ ಗೆರೆಗಳು ಬಟ್ಟೆ ಹರಿದ ಕೊಡೆಯ ಕಡ್ಡಿಗಳಂತೆ ಕೆಳಗೆ ಚಾಚಿಕೊಂಡಿದ್ದವು.

"ಈ ಮೂರು ಗೆರೆ ಏನೋ?"

"ಮೊದಲನೇ ವಾರ ಆರು ಕಿಲೋ ಇದ್ದದ್ದು ಐದು ಐನೂರ ಐವತ್ತಕ್ಕೆ ಬಂತು. ಎರಡು ಚುಕ್ಕೆ ಸೇರಿಸಿ ಸ್ಕೇಲಿಟ್ಟು ಎಳೆದೆ. ಎರಡು ಬಿಂದು ಸಿಕ್ಕಿದ್ರೆ ಗೆರೆ ಸಿಗುತ್ತೆ ಅಂತ ನೀನೇ ಹೇಳ್ಕೊಟ್ಟಿದ್ದು. ಆ ಗೆರೆ ಪ್ರಕಾರ ಮೂರು ತಿಂಗಳಲ್ಲಿ..." ಅವನು ಮಾತು ನುಂಗಿದ.

"ಮೂರು ತಿಂಗಳಲ್ಲಿ ಸೊನ್ನೆ. ಅಲ್ವಾ? ಆಮೇಲೆ ಸೊನ್ನೆಗಿಂತ ಕೆಳಗೆ. ಮಗು ಹಾರಿಹೋಗದ ಹಾಗೆ ಕಾಲಿಗೆ ದಾರ ಕಟ್ಬೇಕಾಗಿತ್ತು ನೀನು."

"ತಮಾಷೆ ಅಲ್ಲ ಅಕ್ಕ. ಎರಡನೇ ಭಾನುವಾರ ಮತ್ತೆ ಎಳೆದೆ, ಇವತ್ತು ಮತ್ತೆ ಎಳೆದೆ. ಮೂರು ಗೆರೇನೂ ಕೆಳಗೇ ಹೋಗುತ್ತೆ. ಒಂದಲ್ಲ, ಮೂರು ಸಾಕ್ಷಿ!"

ಮೂರು ಸಾಕ್ಷಿಗಳನ್ನು ನಾನು ಕನ್ನಡಕ ಹಾಕಿಕೊಂಡು ವಿಚಾರಿಸಿದೆ. ಮೊದಲ ಗೆರೆ ಕಡಿದಾಗಿ ಇಳಿದು ಮಗುವನ್ನು ಮೂರು ತಿಂಗಳಲ್ಲಿ ಮುಗಿಸಿತ್ತು. ಎರಡನೆಯದು ಅಷ್ಟು ಅವಸರ ಮಾಡದೆ ವರ್ಷದ ಹತ್ತಿರ ಗಡುವು ಕೊಟ್ಟಿತ್ತು. ಮೂರನೆಯದು ಹಾಳೆಯ ಅಂಚು ದಾಟಿ ಗೋಡೆಯ ಸುಣ್ಣದ ಮೇಲೆ ಎರಡು ವರ್ಷಗಳಾಚೆಗೆ ಹೊರಟುಹೋಗಿತ್ತು. ಒಂದೊಂದು ಭಾನುವಾರವೂ ಮಗುವಿನ ಅಂತ್ಯ ಮುಂದೂಡಲ್ಪಡುತ್ತಿದ್ದರೆ ಆ ಗೆರೆಗಳು ಒಂದನ್ನೊಂದು ಸುಳ್ಳು ಮಾಡುತ್ತಿವೆಯೆಂದು ಎಮ್ಮೆಯ ಕರುವಿಗೂ ಹೊಳೆಯುತ್ತಿತ್ತು. ಮುದ್ರೆ ಸಾಹೇಬನಿಗೆ ಅವು ಸಾಕ್ಷಿ.

"ಇನ್ನೊಂದು ವಾರ ತಡೆದಿದ್ರೆ ನಿನ್ನ ಗೆರೆ ಅಡ್ಡಡ್ಡ ಮಲಗ್ತಿತ್ತು ಕಣೋ," ಎಂದೆ. "ಅದರ ಮುಂದಿನ ವಾರ ಎದ್ದು ಮೇಲಕ್ಕೆ ಹೊರಡ್ತಿತ್ತು. ಅದಕ್ಕೇ ಇವತ್ತೇ ಕೊನೇ ಮಾತಾ?"

"ಕಳೆಯೋದು ನನಗೂ ಬರುತ್ತೆ. ಅವಳು ಹೋಗೋ ಮೊದಲು ಆರು. ಇವತ್ತು ಐದು ಎಂಟುನೂರ ಐವತ್ತು. ಜಾಸ್ತಿ ಆಯ್ತೋ ಕಡಿಮೆ ಆಯ್ತೋ ನೀನೇ ಹೇಳು."

"ಕಡಿಮೆ ಇದೆ."

"ಆಯ್ತಲ್ಲ!"

"ಕಡಿಮೆ ಇರೋದು ಬೇರೆ, ಕಡಿಮೆ ಆಗ್ತಾ ಇರೋದು ಬೇರೆ. ಒಂದು ಚುಕ್ಕೆ ಎಷ್ಟು ಎತ್ತರದಲ್ಲಿದೆ ಅನ್ನೋದು ಒಂದು ಮಾತು. ಒಂದು ವಾರ ಹೋದ್ರೆ ಅದು ಎಷ್ಟು ಏರುತ್ತೆ ಅನ್ನೋದು ಇನ್ನೊಂದು ಮಾತು. ಎರಡನೇದಕ್ಕೆ ಇಳಿಜಾರು ಅಂತಾರೆ. ಮಗು ಬೆಳೀತಾ ಇದೆಯಾ ಅಂತ ಕೇಳಿದ್ರೆ ಅದನ್ನ ಹೇಳ್ಬೇಕಾದ್ದು ಇಳಿಜಾರು, ಎತ್ತರ ಅಲ್ಲ."

ಪತ್ರಿಕೆಯ ಹಿಂದಿನಿಂದ ಮಗನ ದನಿ ಬಂತು. "ಅತ್ತೆ ಹೇಳೋದ್ರಲ್ಲೂ ಸ್ವಲ್ಪ ಸರಿ ಇರ್ಬಹುದು, ಅಪ್ಪ ಹೇಳೋದ್ರಲ್ಲೂ ಸ್ವಲ್ಪ..."

"ನೀನು ಕ್ರಿಕೆಟ್ ಸುದ್ದಿ ಓದು," ಎಂದೆ. ಹೆಂಡತಿಯ ಕೆಲಸ ಹೋಗುತ್ತಿರುವಾಗ ಎರಡು ಅಭಿಪ್ರಾಯಗಳ ಸರಾಸರಿ ತೆಗೆಯುವ ಗಂಡಸಿನೊಡನೆ ವಾದಿಸುವ ವಯಸ್ಸು ನನ್ನದಲ್ಲ.

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಹತ್ತಿರ ಕರೆದು ಹಾಳೆಯ ಮುಂದೆ ನಿಲ್ಲಿಸಿದೆ. "ಮಾವ ಎಳೆದಿರೋ ಗೆರೆಗಳು ಇಲ್ಲ ಅಂದ್ಕೋ. ಚುಕ್ಕೆ ಮಾತ್ರ ನೋಡು. ಒಂದು ಚೌಕ ಅಂದ್ರೆ ನೂರು ಗ್ರಾಂ. ನೀನು ಕೆಲಸಕ್ಕೆ ಹೋಗೋ ಮೊದಲು ವಾರಕ್ಕೆ ಎಷ್ಟು ಚೌಕ ಏರಿದೆ?"

ಅವಳು ಬೆರಳಿಟ್ಟು ಎಣಿಸಿದಳು. "ಒಂದೂವರೆ. ಇಲ್ಲೂ ಒಂದೂವರೆ. ಇಲ್ಲೂ... ಹೆಚ್ಚುಕಡಿಮೆ ಒಂದೂವರೆ."

"ಈಗ ಬಿದ್ದ ಚುಕ್ಕೆಯಿಂದ ಈಚೆಗೆ?"

ಬೆರಳು ಮೊದಲ ಚುಕ್ಕೆಯಿಂದ ಎರಡನೆಯದಕ್ಕೆ ಹೋಯಿತು, ಎರಡನೆಯದರಿಂದ ಮೂರನೆಯದಕ್ಕೆ. ಅಲ್ಲಿ ನಿಂತುಬಿಟ್ಟಿತು. ಆಮೇಲೆ ಅವಳು ಹಿಂದಕ್ಕೆ ಹೋಗಿ ಮತ್ತೊಮ್ಮೆ ಎಣಿಸಿದಳು. ಮುಖದ ಮೇಲಿನ ನೆನೆದ ಕಾಗದ ಒಣಗತೊಡಗಿದ್ದನ್ನು ನಾನು ಕಣ್ಣಾರೆ ನೋಡಿದೆ.

"ಒಂದೂವರೆ," ಎಂದಳು. "ದೊಡ್ಡತ್ತೆ, ಇಲ್ಲೂ ಒಂದೂವರೆನೇ."

"ಅಂದ್ರೆ?"

ಪಾಠದ ಮುಂದಿನ ಸಾಲನ್ನು ನಾನು ಬಾಯಲ್ಲಿ ಸಿದ್ಧಪಡಿಸಿಕೊಂಡಿದ್ದೆ. ಅದನ್ನು ಹೇಳಲು ಅವಳು ಬಿಡಲಿಲ್ಲ.

"ಇದು ನಮ್ಮ ಮೀಟರ್ ಥರಾನೇ!" ಎಂದಳು, ದನಿ ಏರಿಸಿ. "ಮಾವ, ಕೇಳಿ ಇಲ್ಲಿ. ಮೀಟರ್ ಹಾಕಿದ ಕೂಡಲೇ ಒಂದು ಬಾಡಿಗೆ ತೋರಿಸುತ್ತೆ. ಗಾಡಿ ಇನ್ನೂ ಅಲ್ಲಾಡಿರಲ್ಲ. ಆಮೇಲೆ ಓಡಿದ ಹಾಗೆ ಏರುತ್ತೆ. ಡ್ರೈವರ್ ಬಂದು ಮೀಟರ್ ಕಡಿಮೆ ತೋರಿಸ್ತಾ ಇದೆ ಅಂದ್ರೆ ನಾವು ಮೊದಲು ಕೇಳೋದೇ ಅದು. ನಿಂತಲ್ಲೇ ಕಡಿಮೆನಾ, ಓಡ್ತಾ ಓಡ್ತಾ ಕಡಿಮೆನಾ? ನಿಂತಲ್ಲೇ ಕಡಿಮೆ ಅಂದ್ರೆ ಚಕ್ರದ ಹಲ್ಲು ಬಿಚ್ಚೋದೇ ಇಲ್ಲ. ಅದು ಸರಿ ಇರುತ್ತೆ. ಶುರುವಿನ ಜಾಗದಲ್ಲಿ ಏನೋ ಜರುಗಿರುತ್ತೆ, ಅಷ್ಟೇ."

"ಮಗು ಏನು ಬಾಡಿಗೆ ಕಾರಾ?" ಎಂದು ತಮ್ಮ ಗುಡುಗಿದ.

"ನಾನು ಕೆಲಸಕ್ಕೆ ಹೋಗ್ತಾ ಇರೋದು ದಿನಾ, ಮಾವ. ಅದರಿಂದ ಮಗು ಸೊರಗೋದಾದ್ರೆ ವಾರ ವಾರಾನೂ ಸೊರಗ್ಬೇಕಿತ್ತು. ಒಂದೂವರೆ ಇದ್ದದ್ದು ಒಂದಾಗ್ಬೇಕಿತ್ತು, ಅರ್ಧ ಆಗ್ಬೇಕಿತ್ತು. ಆಗಿಲ್ಲ. ಪುಟ್ಟಿ ಮೊದಲು ಹೇಗೆ ಏರ್ತಿದ್ಲೋ ಹಾಗೇ ಏರ್ತಾ ಇದ್ದಾಳೆ. ಇದು ಒಂದೇ ಸಲ ಬಿದ್ದಿರೋದು. ಆ ವಾರ ಒಂದೇ ಸಲ ಏನೋ ಹೋಗಿದೆ. ಏನು ಹೋಯ್ತು?"

ಹಾಲಿನಲ್ಲಿ ಬೀಸಣಿಗೆಯ ಸದ್ದು ನಿಂತಿತು. ಮುದ್ರೆ ಸಾಹೇಬನ ಹೆಂಡತಿ, ಅವನು ಮಾತಾಡುವಾಗ ಬಾಯಿ ತೆರೆಯುವ ಅಭ್ಯಾಸವಿಲ್ಲದವಳು, ಬುಟ್ಟಿಯ ಕಡೆಗೊಮ್ಮೆ ಗಂಡನ ಕಡೆಗೊಮ್ಮೆ ನೋಡಿದಳು.

"ಮೆತ್ತೆ ತೆಗೆದಿದ್ದೆ," ಎಂದಳು.

"ಯಾವ ಮೆತ್ತೆ?"

"ಬುಟ್ಟೀಲಿ ಇದ್ದದ್ದು. ಇವಳು ಕೆಲಸಕ್ಕೆ ಹೋದ್ಮೇಲೆ ಹಗಲೆಲ್ಲ ಮಗು ನನ್ನ ಹತ್ರ, ಬುಟ್ಟೀಲೇ. ಸೆಕೆಗೆ ಬೆನ್ನ ಮೇಲೆಲ್ಲ ಬೆವರುಸಾಲೆ ಎದ್ದಿತ್ತು. ಅದಕ್ಕೇ ಮೆತ್ತೆ ತೆಗೆದು ತೆಳ್ಳಗೆ ಒಂದು ಸೀರೆ ತುಂಡು ಹಾಸಿದೆ. ಈಗ ವಾಸಿ ಆಗಿದೆ."

"ಮುದ್ರೆ ಒತ್ತಿದ ಬುಟ್ಟಿಯಿಂದ ಮೆತ್ತೆ ತೆಗೆದ್ಯಾ? ನನಗೆ ಹೇಳದೆ?"

"ನೀವೇನು ಮೆತ್ತೆ ಮೇಲೆ ಮಲಗ್ತಿದ್ರಾ, ನಿಮಗೆ ಹೇಳಕ್ಕೆ?"

ಮದುವೆಯಾದಂದಿನಿಂದ ಅವಳ ಬಾಯಿಂದ ಬಂದ ಇಷ್ಟು ಒಳ್ಳೆಯ ಮಾತನ್ನು ನಾನು ಕೇಳಿರಲಿಲ್ಲ. ಮಗ ಪತ್ರಿಕೆಯನ್ನು ಕೆಳಗಿಳಿಸಿದ. ತಮ್ಮನ ಮುಖ ಕೆಂಪಾಯಿತು. ಆದರೂ ಅವನು ಅಷ್ಟು ಸುಲಭದಲ್ಲಿ ಸೋಲುವ ಕುಳವಲ್ಲ.

"ಒಂದು ಮೆತ್ತೆ ಎಷ್ಟು ತೂಗುತ್ತೆ? ಮಹಾ ಅಂದ್ರೆ ಒಂದು ಹಿಡಿ ಹತ್ತಿ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ತಡಿ. ನಿನ್ನ ಬಿಲ್ಲೆ ಇಲ್ಲದ ಮೆತ್ತೇನೂ ಸೇರಿಸಿ ಕಳೀತಾ ಇದೆ," ಎಂದೆ. ಅವನ ಮುದ್ರೆ ಬಿದ್ದ ಮರದ ಸ್ಕೇಲನ್ನೇ ಎತ್ತಿಕೊಂಡು, ಗೀಟಿಗೆ ಮೊದಲಿನ ಏರುಚುಕ್ಕೆಗಳ ಮೇಲಿಟ್ಟು, ಪೆನ್ಸಿಲಿನಿಂದ ಆ ಓಟವನ್ನು ಇಂದಿನ ಭಾನುವಾರದವರೆಗೆ ಎಳೆದೆ. ತುದಿಯಲ್ಲಿ ಒಂದು ಸಣ್ಣ ಸುತ್ತು ಹಾಕಿದೆ. "ಆರು ಕಿಲೋ ನಾನೂರೈವತ್ತು. ಏನೂ ಬದಲಾಗದೆ ಇದ್ದಿದ್ರೆ ಇವತ್ತು ನಿನ್ನ ತಕ್ಕಡಿ ತೋರಿಸ್ಬೇಕಾಗಿದ್ದದ್ದು ಇಷ್ಟು. ಈಗ ಮೆತ್ತೆ ತರ್ಸಿ ಬುಟ್ಟಿಗೆ ಹಾಕು. ಅಷ್ಟು ಬರದೇ ಇದ್ರೆ ಇವಳು ನಾಳೆ ಫೋನ್ ಮಾಡ್ಲಿ, ನಾನೇ ನಂಬರ್ ಒತ್ತಿ ಕೊಡ್ತೀನಿ."

ಸೊಸೆ ನನ್ನ ಕಡೆ ನೋಡಿದ ನೋಟದಲ್ಲಿ, ನೀವು ಪಣಕ್ಕಿಟ್ಟದ್ದು ನಿಮ್ಮ ಕೆಲಸವಲ್ಲ ದೊಡ್ಡತ್ತೆ, ನನ್ನ ಕೆಲಸ, ಎಂಬ ಮಾತು ಸ್ಪಷ್ಟವಾಗಿತ್ತು. ಆದರೂ ತಡೆಯಲಿಲ್ಲ. ಅವಳ ಅತ್ತೆ ಬೀರುವಿನ ಮೇಲಿನಿಂದ ಮೆತ್ತೆಯನ್ನು ತಂದಳು. ಹತ್ತಿ ದಟ್ಟವಾಗಿ ತುಂಬಿದ, ದಪ್ಪ ಹೊದಿಕೆಯ ಮೆತ್ತೆ; ಹಿಡಿಯಲು ಎರಡು ಕೈ ಬೇಕಾಗಿದ್ದವು. ಮಗುವನ್ನು ಎತ್ತಿ, ಸೀರೆ ತುಂಡನ್ನು ತೆಗೆದು, ಮೆತ್ತೆ ಹಾಸಿ, ಮತ್ತೆ ಮಲಗಿಸಿದರು. ನನ್ನ ತಮ್ಮ ಕಲ್ಲುಗಳನ್ನು ಒಂದೊಂದಾಗಿ ಏರಿಸಿದ. ಮುಳ್ಳು ಅತ್ತ ಇತ್ತ ತೂಗಾಡಿತು. ಪುಟ್ಟಿ ಒದೆದಳು, ಅವಳು ಸುಮ್ಮನಾಗುವವರೆಗೆ ಕಾಯಬೇಕಾಯಿತು. ಕೊನೆಗೆ ಮುಳ್ಳು ನಡುವೆ ನಿಂತಿತು.

ನನ್ನ ತಮ್ಮ ಕಲ್ಲುಗಳನ್ನು ಕೂಡಿಸಿ, ಬಿಲ್ಲೆಯಲ್ಲಿದ್ದ ತೂಕ ಕಳೆದು, ಮತ್ತೆ ಮೊದಲಿನಿಂದ ಕೂಡಿಸತೊಡಗಿದ.

"ಬಾಯಿ ಬಿಟ್ಟು ಹೇಳೋ."

"ಆರು... ನಾನೂರ ನಲವತ್ತು."

"ಹತ್ತು ಗ್ರಾಂ ಎಲ್ಲಿ ಹೋಯ್ತು ಅಂತ ಅಂಗಡಿಗೆ ಹೋಗಿ ಜಗಳ ಆಡ್ತೀಯಾ?"

ಸೊಸೆ ಗೋಡೆಗೆ ಒರಗಿದಳು. ಒಂದು ಗಳಿಗೆ ಮುಖ ಮುಚ್ಚಿಕೊಂಡು ನಿಂತಳು. ನಾನು ಬೇರೆ ಕಡೆ ನೋಡಿದೆ. ಕಣ್ಣೀರಿಗೆ ನನ್ನ ಬಳಿ ಸೂತ್ರವಿಲ್ಲ.

ಸತ್ಯ ಎದುರಿಗೆ ಮಲಗಿ ಕಾಲು ಬಡಿಯುತ್ತಿರುವಾಗ ಮನುಷ್ಯನಾದವನು ಒಂದು ನಗೆಯನ್ನಾದರೂ ನಗಬಹುದಿತ್ತು. ಮುದ್ರೆ ಸಾಹೇಬ ನಗಲಿಲ್ಲ. ಬುಟ್ಟಿಯ ಹಿಡಿಯಲ್ಲಿದ್ದ ಸೀಸವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, "ಮುದ್ರೆ ಸರಿಯಾಗೇ ಇದೆ. ತಪ್ಪು ಬುಟ್ಟಿ ಬಳಸಿದವರದ್ದು. ಈ ಮೂರು ವಾರದ ಅಳತೆ ರದ್ದು. ಮುಂದಿನ ಭಾನುವಾರದಿಂದ ಹೊಸದಾಗಿ ಶುರು ಮಾಡೋಣ. ಆಮೇಲೆ ಕೆಲಸದ ವಿಷಯ ಯೋಚ್ನೆ ಮಾಡಿದ್ರಾಯ್ತು," ಎಂದು ಆಜ್ಞೆ ಹೊರಡಿಸಿದ.

ಸೊಸೆ ಮುಖ ಒರೆಸಿಕೊಂಡು ಬಂದು ಮಗುವನ್ನು ಬುಟ್ಟಿಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡಳು. ಇನ್ನೊಂದು ಕೈಯಿಂದ ಮೆತ್ತೆಯನ್ನು ಎಳೆದು ಮಾವನ ಕೈಗೆ ಕೊಟ್ಟಳು.

"ಇದನ್ನ ನೀವು ತೂಗಿ ಮಾವ, ಎಷ್ಟು ಭಾನುವಾರ ಬೇಕಾದ್ರೂ. ಪುಟ್ಟಿನ ನಾನು ಆಸ್ಪತ್ರೇಲಿ ತೂಗಿಸ್ಕೊಂಡು ಬರ್ತೀನಿ. ಬಟ್ಟೆ ಬಿಚ್ಚಿ, ಬುಟ್ಟಿ ಇಲ್ದೆ. ನಾಳೆ ನನಗೆ ಫೋನ್ ಮಾಡಕ್ಕೆ ಪುರುಸೊತ್ತಿಲ್ಲ, ಮೇಜಿನ ಮೇಲೆ ಮೀಟರುಗಳು ಬಿಚ್ಚಿದ ಹಾಗೇ ಬಿದ್ದಿವೆ." ಗಂಡನ ಕಡೆ ತಿರುಗಿ, "ನೀವು ಇನ್ಮೇಲೆ ಅರ್ಧ ಅರ್ಧ ಸರಿ ಅನ್ನೋದು ಬಿಟ್ಟು ಬೆಳಿಗ್ಗೆ ಪುಟ್ಟಿಗೆ ಸ್ನಾನ ಮಾಡ್ಸಿ," ಎಂದಳು. ಅವನು ಪತ್ರಿಕೆಯನ್ನು ಮಡಿಸಿಟ್ಟ.

ಅಷ್ಟಕ್ಕೇ ಬಿಡಲಿಲ್ಲ ಆ ಹುಡುಗಿ. ಊಟಕ್ಕೆ ಬಡಿಸುವಾಗ ನನ್ನ ತಟ್ಟೆಯ ಬಳಿ ಬಗ್ಗಿ ಮೆಲ್ಲಗೆ, "ನೀವೂ ಅಷ್ಟು ಭಾನುವಾರ ಊಟ ಮಾಡ್ಕೊಂಡು ಹೋದ್ರಿ ದೊಡ್ಡತ್ತೆ. ಒಂದ್ಸಲ ತಲೆ ಎತ್ತಿ ಗೋಡೆ ನೋಡ್ಲಿಲ್ಲ," ಎಂದಳು.

"ಬಟಾಣಿ ಇನ್ನೂ ಬೆಂದಿಲ್ಲ," ಎಂದೆ ನಾನು.

ಅವಳು ಈಗಲೂ ವರ್ಕ್‌ಶಾಪಿಗೆ ಹೋಗುತ್ತಾಳೆ. ಪುಟ್ಟಿ ಗೋಡೆ ಹಿಡಿದು ನಡೆಯುತ್ತಾಳೆ. ತನ್ನ ಕೈಗೆಟುಕಿದಷ್ಟು ಎತ್ತರಕ್ಕೆ ಆ ಗ್ರಾಫ್ ಹಾಳೆಯನ್ನು ಹರಿದುಹಾಕಿದ್ದಾಳೆ. ಹಾಳೆಯ ಕೆಳತುದಿಯಲ್ಲಿದ್ದ ಸೊನ್ನೆಯ ಸಾಲು, ಮೂರು ಗೆರೆಗಳೂ ಹೋಗಿ ಸೇರಬೇಕಾಗಿದ್ದ ಆ ಸಾಲು, ಈಗ ಇಲ್ಲ. ನನ್ನ ತಮ್ಮ ಅದರ ಪಕ್ಕದಲ್ಲಿ, ಮಗುವಿನ ಕೈಗೆ ಸಿಗದಷ್ಟು ಮೇಲೆ, ಹೊಸ ಹಾಳೆ ಅಂಟಿಸಿದ್ದಾನೆ. ಭಾನುವಾರ ಊಟಕ್ಕೆ ಮೊದಲು ಮೆತ್ತೆಯನ್ನು ತೂಗಿ ಚುಕ್ಕೆ ಇಡುತ್ತಾನೆ. ಚುಕ್ಕೆಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಎಡದಿಂದ ಬಲಕ್ಕೆ ನೆಟ್ಟಗೆ ಸಾಗುತ್ತವೆ. ನೆಂಟರು ಬಂದರೆ ಆ ಗೆರೆಯನ್ನು ತೋರಿಸಿ, ನೋಡಿ, ಹೇಗಿದೆ, ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಎನ್ನುತ್ತಾನೆ.

ನಾನು ಈಗ ಬಟಾಣಿಯನ್ನು ಹಾಲಿಗೇ ತಂದು ಸುಲಿಯುತ್ತೇನೆ. ಅವನ ಚುಕ್ಕೆಗಳ ಬಗ್ಗೆ ಏನೂ ಹೇಳುವುದಿಲ್ಲ. ಅವನು ತಪ್ಪಿಲ್ಲದೆ ಓದಬಲ್ಲ ಗೆರೆ ಲೋಕದಲ್ಲಿ ಅದೊಂದೇ, ಅದನ್ನಾದರೂ ಓದಿಕೊಂಡಿರಲಿ.